ಹೋದ ಜನ್ಮದ ಉತಾರ ಈ ಜನ್ಮದಾಗ ನಡ್ಯಂಗಿಲ್ಲ

ಯಾರರೆ ಒಬ್ಬ ಮನಶ್ಯಾ ನವಲಗುಂದ ತಹಶೀಲ್ದಾರ ಕಚೇರಿಗೆ ಹೋಗಿ, "ಸಾಹೇಬ್ರ, ಆ ಹಳ್ಳದ ದಂಡಿ ಮ್ಯಾಲಿನ ನಾಕು ಎಕರೆ ಎರಿ ಹೊಲಾ ಹೋದ ಜನ್ಮದಾಗ ನಂದಿತ್ರಿ. ಮೊನ್ನಿ ಬಸ್ಸಿನ್ಯಾಗ ಹೊಂಟಾಗ ಕಿಟಕ್ಯಾಗಿಂದ ನೋಡಿದೆ, ನೋಡಿದ ಕೂಡ್ಲೆ ಎದಿ ಝಲ್ ಅಂತು, ಎಲ್ಲಾ ನೆನಪಾತು. ಉತಾರ ನನ್ನ ಹೆಸರಿಗೆ ಮಾಡಿ ಕೊಡ್ರಿ" ಅಂದ ಅಂತ ತಿಳಕೋರಿ. ಏನಾಗತೈತಿ? ಕಾರಕೂನ ನಗತಾನ, ತಲಾಟಿ ನಗತಾನ, ಹೊರಗ ಚಾ ಮಾರೋ ಹುಡುಗನೂ ನಗತಾನ. ಹೊಲದ ಈಗಿನ ಮಾಲಕ ಅಲ್ಲಿದ್ರ ನಗೂದಿಲ್ಲ, ಬಡಗಿ ತಗೊಂಡ ಬರ್ತಾನ.

ಅದ ಮನಶ್ಯಾ ಹೊಲದ ಬದಲಿ ಒಬ್ಬ ಹುಡುಗೀಗೆ ಬೆರಳ ಮಾಡಿ, "ಈಕಿ ಹೋದ ಜನ್ಮದಾಗ ನನ್ನಾಕಿ ಇದ್ಲು, ನೋಡಿದ ಕೂಡ್ಲೆ ನೆನಪಾತು" ಅಂದ್ರ? ಆವಾಗ ಯಾರೂ ನಗಂಗಿಲ್ಲ. ಅದನ್ನ ಕಾದಂಬರಿ ಅಂತೇವಿ, ಸೀರಿಯಲ್ ಅಂತೇವಿ, ಸೆರಗ ಕಣ್ಣಿಗೆ ಹಚ್ಚಿಕೊಂಡು, "ಎಂಥಾ ಪ್ರೀತಿ ಯವ್ವ, ಸತ್ತರೂ ಬಿಡಲಿಲ್ಲ" ಅಂತೇವಿ.

ಇವತ್ತ ನನ್ನ ಜಗಳ ಇದರ ಕೂಡ ಐತಿ ಅಕ್ಕಾರ. ಎರಡು ರೊಟ್ಟಿ ಬಡಿಯೂದು ತಡ ಆದ್ರೂ ಚಿಂತಿಲ್ಲ, ಕೂತು ಓದ್ರಿ.

ಈ ಜನ್ಮಾಂತರದ ಪ್ರೀತಿ ಕಾದಂಬರಿಗೊಳು ಹೆಂಗಿರ್ತಾವ ಅಂತ ನಿಮಗ ಹೊಸದಾಗಿ ಹೇಳಬೇಕಾಗಿಲ್ಲ. ಮೊದಲ ಲೈಬ್ರರಿಯಿಂದ ತಂದು ಓದತಿದ್ವಿ, ಈಗ ಮೊಬೈಲಿನ್ಯಾಗ ದಿನಕ್ಕೊಂದು ಕಂತಿನಂಗ ಬರ್ತಾವ. ಒಂದು ಹಳೇ ಕ್ವಾಟಿ ಇರಬೇಕು, ಒಂದು ಹರದ ಗೆಜ್ಜಿ ಇರಬೇಕು, ಗ್ವಾಡಿ ಮ್ಯಾಲೆ ಒಂದು ಪಟಾ ಇರಬೇಕು. ಹೀರೋ ಬೆಂಗಳೂರಾಗ ದೊಡ್ಡ ಕಂಪನಿ ಮಾಲಕ ಇರಬೇಕು. ಅವಗ ಸಿಟ್ಟು ಭಾಳ. ಹುಡುಗಿ ಬಡವರ ಮನೀದು. ಅಂವ ಆಕಿ ಕೈ ಹಿಡದು ಜಗ್ಗತಾನ, ಆಕಿ ಬಿಡಿಸ್ಕೊಂತಾಳ. ಮತ್ತ ಜಗ್ಗತಾನ. "ಒಲ್ಲೆ" ಅಂತಾಳ. ನಲವತ್ತನೇ ಕಂತಿಗೆ ಆಕೀಗೆ ತಲಿ ಸುತ್ತಿ ಬಿದ್ದು ಹಿಂದಿನ ಜನ್ಮ ನೆನಪಾಗಿ, "ಅಯ್ಯೋ, ನಾನು ನಿನ್ನಾಕೀನ, ಇಷ್ಟ ದಿನಾ ತಿಳೀಲಾರ್ದ ಒಲ್ಲೆ ಅಂದೆ" ಅಂತ ಅವನ ಕಾಲಿಗೆ ಬೀಳ್ತಾಳ. ಅಲ್ಲಿಗೆ ಆ ನಲವತ್ತೂ ಕಂತಿನ ಜುಲುಮಿ ಪ್ರೀತಿ ಆಗಿ ಹೋತು. ಹಿಂದಿನ ಜನ್ಮ ಅನ್ನೂದು ಅಲ್ಲಿ ಒಂದ ಕೆಲಸಕ್ಕ ಬರತೈತಿ, ಹುಡುಗಿ "ಒಲ್ಲೆ" ಅಂದದ್ದನ್ನ ಅಳಸಾಕ.

ಒಂದು ಮಾತು ಮದಲ ಹೇಳ್ತೇನಿ. ಪುನರ್ಜನ್ಮ ಖರೇ ಏನ ಸುಳ್ಳೇನ ಅನ್ನೋ ಜಗಳಕ್ಕ ನಾ ಬಂದಿಲ್ಲ. ನಾವು ಮುಂಜಾನಿಂದ ಸಂಜೀತನಾ ಹತ್ತು ಸಲಾ "ಯಾವ ಜನ್ಮದ ಋಣಾನೋ" ಅನ್ನೋ ಮಂದಿ. ಬಾಗಿಲಿಗೆ ಬಂದ ನಾಯೀಗೆ ರೊಟ್ಟಿ ಹಾಕುವಾಗೂ ಅಂತೇವಿ, ಬೀಗರು ಜಗಳಾ ಮಾಡಿ ಹೋದ ಮ್ಯಾಲೂ ಅಂತೇವಿ. ಆ ನಂಬಿಕಿ ಇರಲಿ. ನನ್ನ ಪ್ರಶ್ನೆ ಬ್ಯಾರೆ ಐತಿ. ಈ ಜನ್ಮಜನ್ಮದ ಪ್ರೀತಿಯೊಳಗ ಕಾಯಾಕಿ ಯಾರು, ಬಂದು ಹಕ್ಕ ಕೇಳಾಂವ ಯಾರು? ಹಳೇ ಕಥಿಗೊಳನ್ನ ಒಂದೊಂದಾಗಿ ಜ್ವಾಳ ಹಸನ ಮಾಡಿದಂಗ ಮರದಾಗ ಹಾಕಿ ಕೇರಿ ನೋಡೂಣ ಬರ್ರಿ.

ಮದಲ ನಮ್ಮ ನವಲಗುಂದದ ಕಾಮಣ್ಣನಿಂದನ ಸುರು ಮಾಡೂಣ. ಹೋಳಿ ಹುಣ್ಣಿವಿಗೆ ರಾಮಲಿಂಗ ಕಾಮಣ್ಣಗ ಹರಕಿ ಹೊತ್ತು ಎಲ್ಲೆಲ್ಲಿಂದೋ ಮಂದಿ ಬರ್ತಾರ. ಕಾಮಣ್ಣನ್ನ ಶಿವಾ ಮೂರನೇ ಕಣ್ಣು ತಗದು ಸುಟ್ಟದ್ದು ಎಲ್ಲಾರಿಗೂ ಗೊತ್ತೈತಿ. ಮುಂದಿಂದು? ಭಾಗವತದ ಹತ್ತನೇ ಸ್ಕಂಧದಾಗ ಐತಿ. ಕಾಮ ಮತ್ತ ಹುಟ್ಟಿ ಬಂದ, ಕೃಷ್ಣ ರುಕ್ಮಿಣಿ ಮಗ ಪ್ರದ್ಯುಮ್ನ ಆಗಿ. ಶಂಬರಾಸುರ ಆ ಕೂಸಿನ್ನ ಎತ್ತಿ ಒಯ್ದು ಸಮುದ್ರಕ್ಕ ಒಗದ, ಮೀನ ನುಂಗಿತು. ಆ ಮೀನ ಶಂಬರನ ಅಡಗಿ ಮನಿಗೇ ಬಂತು, ಕೊಯ್ದಾಗ ಒಳಗ ಕೂಸು. ಆ ಅಡಗಿ ಮನ್ಯಾಗ ಮಾಯಾವತಿ ಅನ್ನೋ ಹೆಸರಿಲೆ ಅಡಗಿ ಮಾಡಕೊಂತ ಇದ್ದಾಕಿ ಯಾರು? ರತಿ!

ನೋಡ್ರಿ, ಕಾಮಣ್ಣಗ ಹೊಸಾ ಮೈ ಬಂತು, ಹೊಸಾ ಅವ್ವ ಅಪ್ಪ ಬಂದ್ರು, ದ್ವಾರಕಿ ಅರಮನಿ ಬಂತು. ರತಿ? ಆಕಿ ಅದ ಮೈಯಾಗ, ಮಂದಿ ಮನಿ ಒಲಿ ಮುಂದ, ರಾಕ್ಷಸಗ ಅಡಗಿ ಮಾಡಕೊಂತ ಕಾದ್ಲು. ಗಂಡಾ ಕೂಸಾಗಿ ಬಂದಾಗ ಅವನ್ನ ಬೆಳಸಿದಾಕೀನೂ ಆಕೀನ. ನಾವು ಕಾಮಣ್ಣಗ ಹರಕಿ ಹೊರತೇವಿ, ಮೆರವಣಿಗಿ ಮಾಡತೇವಿ. ಆ ಅಡಗಿ ಮನ್ಯಾಗ ರತಿ ಎಷ್ಟು ವರ್ಷ ಹೊಗಿ ಕುಡದ್ಲು ಅಂತ ಯಾರು ಕೇಳ್ಯಾರ?

ಎರಡನೇದು, ಕಾದಂಬರಿ ಅನ್ನೋ ಶಬ್ದಾನ. ನಾವು ಓದೋ ಉದ್ದನ್ನ ಕಥಿಗೆ ಕನ್ನಡದಾಗ, ಮರಾಠಿ ಒಳಗೂ ಕಾದಂಬರಿ ಅಂತಾರಲ್ಲ, ಆ ಹೆಸರು ಬಂದದ್ದ ಬಾಣಭಟ್ಟನ ಪುಸ್ತಕದಿಂದ. ಬಾಣ 7ನೇ ಶತಮಾನದಾಗ ಹರ್ಷ ರಾಜನ ಆಸ್ಥಾನದಾಗ ಇದ್ದಾಂವ. ಪುಸ್ತಕ ಮುಗಿಸೂದ್ರಾಗ ತೀರಿಕೊಂಡ, ಮಗ ಮುಗಿಸಿದ. ಅದನ್ನ 10ನೇ ಶತಮಾನದ ಕೊನೀಗೆ ನಾಗವರ್ಮ ಕನ್ನಡಕ್ಕ ತಂದು 'ಕರ್ಣಾಟಕ ಕಾದಂಬರಿ' ಅಂತ ಬರದ. ಅಂದ್ರ ನಮ್ಮ ಭಾಷಾದಾಗ ಕಾದಂಬರಿ ಅನ್ನೋದರ ಹೊಕ್ಕಳಬಳ್ಳೀನ ಈ ಜನ್ಮಜನ್ಮದ ಪ್ರೀತಿಗೆ ಕಟ್ಟೇತಿ.

ಅಲ್ಲಿ ಏನೈತಿ? ಪುಂಡರೀಕ ಅನ್ನೋ ಮುನಿ ಹುಡುಗ ವಿರಹದಾಗ ಸತ್ತ, ಮುಂದ ವೈಶಂಪಾಯನ ಆದ, ಆಮ್ಯಾಲೆ ಗಿಳಿ ಆದ. ಚಂದ್ರಮ ಚಂದ್ರಾಪೀಡ ಆದ, ಆಮ್ಯಾಲೆ ಶೂದ್ರಕ ರಾಜ ಆದ. ಗಂಡಸ್ರು ಎರಡೆರಡು ಮೂರ್ಮೂರು ಅವತಾರ ಬದಲಿಸಿದ್ರು. ಮಹಾಶ್ವೇತೆ ಎಲ್ಲಿದ್ಲು? ಅಚ್ಛೋದ ಸರೋವರದ ದಂಡಿ ಮ್ಯಾಲೆ ನಾರುಡಿಗಿ ಉಟ್ಟು ತಪಸ್ಸಿಗೆ ಕೂತಿದ್ಲು. ಕಾದಂಬರಿ ಎಲ್ಲಿದ್ಲು? ಚಂದ್ರಾಪೀಡನ ಹೆಣಾ ಕಾಯ್ಕೊಂತ ಕೂತಿದ್ಲು. ಗಂಡಸ್ರಿಗೆ ಜನ್ಮ ಬದಲಾತು, ಹೆಂಗಸ್ರಿಗೆ ಸೀರಿ ಸುದ್ದಾ ಬದಲಾಗಲಿಲ್ಲ.

ಬಾಣ ದೊಡ್ಡ ಕವಿ. ಆ ಕಾಯೂದರ ಭಾರ ಎಷ್ಟು ಅನ್ನೂದನ್ನ ಮುಚ್ಚಿಡಲಾರ್ದ ತೋರಿಸ್ಯಾನ, ಮಹಾಶ್ವೇತೆ ದುಃಖ ಓದಿದ್ರ ಅನ್ನ ಗಂಟಲಕ್ಕ ಇಳಿಯಂಗಿಲ್ಲ. ಇವತ್ತಿನ ಕಂತಿನ ಕಾದಂಬರಿ ಆ ಭಾರಾ ಇಳಿಸಿ, ಬರೇ ಸಿಹಿ ಇಟ್ಟುಕೊಂಡೈತಿ.

ಮೂರನೇದು ನಮ್ಮ ಅಣ್ಣಿಗೇರಿದು. ಪಂಪ ನಮ್ಮಾಂವ ಅಂತ ಎದಿ ತಟ್ಟಿ ಹೇಳ್ತೇವಿ. ತೆಲಂಗಾಣದ ಕುರ್ಕ್ಯಾಲದಾಗ ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನದಾಗ ಅವರವ್ವ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿ ಜೋಯಿಸ ಸಿಂಘನ ಮೊಮ್ಮಗಳು ಅಂತ ಐತಿ. ಅಂದ್ರ ತವರು ಇಲ್ಲೇನ. ಆ ಪಂಪ 941ರಾಗ ಬರದ 'ಆದಿಪುರಾಣ'ದಾಗ ಜನ್ಮಾಂತರದ ದೊಡ್ಡ ಪ್ರೀತಿ ಐತಿ, ಊರಿನ ಎಷ್ಟ ಮಂದಿ ಓದ್ಯಾರೋ.

ಸ್ವರ್ಗದಾಗ ಲಲಿತಾಂಗ ದೇವ, ಸ್ವಯಂಪ್ರಭೆ ದೇವಿ. ಲಲಿತಾಂಗನ ಆಯುಷ್ಯ ತೀರಿತು, ಭೂಮಿ ಮ್ಯಾಲೆ ವಜ್ರಜಂಘ ಆಗಿ ಹುಟ್ಟಿದ. ಆಕಿ ಶ್ರೀಮತಿ ಆಗಿ ಹುಟ್ಟಿದ್ಲು. ಆಕಾಶದಾಗ ದೇವತೆಗಳು ಹೊಂಟಿದ್ದನ್ನ ನೋಡಿ ಆಕೀಗೆ ಹಿಂದಿಂದು ನೆನಪಾಗಿ ಎಚ್ಚರ ತಪ್ಪಿತು. ಎದ್ದ ಮ್ಯಾಲೆ ಏನ ಮಾಡಿದ್ಲು? ಬರೇ ಅಳಕೊಂತ ಕೂಡಲಿಲ್ಲ. ಹಿಂದಿನ ಜನ್ಮದ ಚಿತ್ರಾ ತೆಗದು ಪಂಡಿತೆ ಅನ್ನೋ ದಾದಿ ಕೈಯಾಗ ಕೊಟ್ಟು ಕಳಿಸಿದ್ಲು. ಅದನ್ನ ನೋಡಿ ಯಾರಿಗೆ ಗುರುತು ಹತ್ತತೈತೋ ಅವನ ಖರೇ, ಸುಳ್ಳ ಹೇಳೋರು ಸಿಗಬೀಳ್ತಾರ. ವಜ್ರಜಂಘಗ ಗುರುತು ಹತ್ತಿತು. ಲಗ್ನ ಆತು.

ಇಲ್ಲಿ ಎರಡು ಮಾತು ಗಮನಿಸ್ರಿ. ನೆನಪಾದದ್ದು ಹುಡುಗೀಗೆ, ಹುಡುಕಿದಾಕಿ ಹುಡುಗಿ, ಪರೀಕ್ಷಾ ಇಟ್ಟಾಕೀನೂ ಹುಡುಗೀನ. ಅಂವ ಬಂದು ಕೈ ಜಗ್ಗಲಿಲ್ಲ. ಎರಡನೇದು, ಪಂಪ ಕಥಿನ್ನ ಲಗ್ನಕ್ಕ ಮುಗಿಸಲಿಲ್ಲ. ಒಂದು ರಾತ್ರಿ ಮಲಗೋ ಖೋಲಿ ಒಳಗ ಹಾಕಿದ ಧೂಪದ ಹೊಗಿ ಹೊರಗ ಹೋಗಲಾರ್ದ ಇಬ್ಬರೂ ಉಸಿರುಗಟ್ಟಿ ಸತ್ರು. ಎಷ್ಟು ಸುಖಾನೋ ಅಷ್ಟ ಲಗೂನ ಅದರ ಕೊನಿ. ಆ ಎರಡು ಜೀವ ಮತ್ತ ಮತ್ತ ಹುಟ್ಟಿ ಮುಂದ ಹೋಗಿ, ವಜ್ರಜಂಘನ ಜೀವ ಆದಿನಾಥ ತೀರ್ಥಂಕರ ಆತು. ಶ್ರೀಮತಿ ಜೀವ? ಹಸ್ತಿನಾಪುರದ ಶ್ರೇಯಾಂಸ ಅನ್ನೋ ರಾಜಕುಮಾರ ಆತು. ಹೆಂಡ್ತಿ ಅಲ್ಲ, ಹೆಣ್ಣೂ ಅಲ್ಲ. ಆದಿನಾಥ ಭಿಕ್ಷಾಕ್ಕ ಬಂದ್ರ ಮುನಿಗೆ ಹೆಂಗ ಊಟಾ ನೀಡಬೇಕು ಅಂತ ಯಾರಿಗೂ ತಿಳೀವಲ್ದು, ಮಂದಿ ಆನಿ ಕುದುರಿ ಬಂಗಾರ ಕೊಡಾಕ ಬರ್ತಾರ. ಶ್ರೇಯಾಂಸಗ ಹಿಂದಿನ ಜನ್ಮದಾಗ, ಶ್ರೀಮತಿ ಇದ್ದಾಗ, ಗಂಡನ ಕೂಡ ಮುನಿಗೊಳಿಗೆ ಊಟಾ ನೀಡಿದ್ದು ನೆನಪಾತು. ಕಬ್ಬಿನ ಹಾಲು ನೀಡಿದ. ಜೈನರು ಅಕ್ಷಯ ತದಿಗಿ ದಿನಾ ಅದನ್ನ ನೆನಸ್ತಾರ.

ಅಷ್ಟು ಜನ್ಮದ ಪ್ರೀತಿ ಕಡೀಗೆ ಹಸದವ್ರಿಗೆ ಒಂದು ಬೊಗಸಿ ಕಬ್ಬಿನ ಹಾಲಾತು. "ನೀ ನನ್ನಾಕಿ" ಅನ್ನೋ ಮಾತ ಇಲ್ಲ ಅಲ್ಲಿ. ಸಾವಿರ ವರ್ಷದ ಹಿಂದ ನಮ್ಮ ಮಗ್ಗಲ ಊರಿನ ಹೆಣ್ಣುಮಗಳ ಮಗ ಇಷ್ಟು ದೂರ ವಿಚಾರ ಮಾಡ್ಯಾನ. ಕೈಯಾಗ ಫೋನ್ ಇರೋ ನಾವು ಎಲ್ಲಿಗೆ ಬಂದು ನಿಂತೇವಿ?

ನಾಕನೇದು ನಮ್ಮ ಕಾಲದ್ದು. ಎಸ್.ಎಲ್. ಭೈರಪ್ಪನವರು 'ನಾಯಿ ನೆರಳು' ಅಂತ ಒಂದು ಕಾದಂಬರಿ ಬರದಾರ, 1968ರಾಗ. ವಯಸ್ಸಿನ್ಯಾಗ ಅವರು ನಮ್ಮ ಹುಬ್ಬಳ್ಳಿ ಕಾಡಸಿದ್ಧೇಶ್ವರ ಕಾಲೇಜಿನ್ಯಾಗ ಪಾಠಾ ಹೇಳಿದಾವ್ರು. ಆ ಕಥಿನ್ನ ಗಿರೀಶ ಕಾಸರವಳ್ಳಿಯವರು 2006ರಾಗ ಸಿನಿಮಾ ಮಾಡಿದ್ರು, ಪವಿತ್ರಾ ಲೋಕೇಶ ಅದರಾಗ ವೆಂಕೂ. ಕಥಿ ಇಷ್ಟ. ಮಗ ಸತ್ತು ಇಪ್ಪತ್ತು ವರ್ಷದ ಮ್ಯಾಲೆ, ದೂರದ ಊರಾಗ ಒಬ್ಬ ಹುಡುಗ "ನಾನ ನಿಮ್ಮ ಮಗ, ಮತ್ತ ಹುಟ್ಟೇನಿ" ಅನ್ನಾಕತ್ತಾನಂತ ಸುದ್ದಿ ಬರತೈತಿ. ಮುದುಕ ಅಪ್ಪ ಅಚ್ಚಣ್ಣಯ್ಯ ಅವನ್ನ ಮನಿಗೆ ಕರಕೊಂಡ ಬರ್ತಾನ. ತಾಯಿಗೆ ಮಗ ಸಿಕ್ಕ. ಖರೇ, ಆ ಮನ್ಯಾಗ ಸತ್ತವನ ಹೆಂಡ್ತಿ ಇದ್ದಾಳ, ಇಪ್ಪತ್ತು ವರ್ಷದಿಂದ ವಿಧವಿ. ಬಂದ ಹುಡುಗ ಆಕಿ ಮಗಳ ವಾರಗಿಯಾಂವ. ಈಗ ಆಕಿ ಅವಗ ಏನಾಗಬೇಕು?

ಕಾದಂಬರಿ ಅಂದ್ರ ಇದು. ಮುದುಕರಿಗೆ ಮಗ ಬೇಕು, ಹುಡುಗಗ ಹೆಂಡ್ತಿ ಬೇಕು, ಊರಿಗೆ ಮಾನ ಬೇಕು, ಓದಿದ ಮಗಳಿಗೆ ನ್ಯಾಯ ಬೇಕು. ವೆಂಕೂಗ ಏನ ಬೇಕು ಅಂತ ಎಲ್ಲಾರೂ ಮುಗದ ಮ್ಯಾಲೆ ಕೇಳ್ತಾರ, ಇಲ್ಲಾ ಕೇಳೂದ ಇಲ್ಲ. ಕಾಸರವಳ್ಳಿಯವರು ಕಥಿನ್ನ ಆಕಿ ಕಡಿಂದ ನೋಡಿದ್ರು. ಜನ್ಮಾಂತರ ಖರೇನೋ ಸುಳ್ಳೋ ಅನ್ನೂದನ್ನ ಬದಿಗಿಟ್ಟು, ಅದರ ಲೆಕ್ಕಾ ಯಾರ ಮೈ ಮ್ಯಾಲೆ ಬೀಳತೈತಿ ಅಂತ ತೋರಿಸಿದ್ರು. ಕೊನೀಗೆ ಆ ಭಾರಾ ಹೊತ್ತಾಕಿ ವೆಂಕೂನ. ಇಂಥಾ ಪುಸ್ತಕ ನಮ್ಮಾಗ ಇದ್ದಾಗ, ಗೆಜ್ಜಿ ಕ್ವಾಟಿ ಕಥಿ ಓದಿ ಕಣ್ಣೀರ ಹಾಕೂದು ಎಷ್ಟು ಶಾಣ್ಯಾತನಾ?

"ಅದು ಕಥಿ, ಖರೇ ಬಾಳೇವದಾಗ ಹಂಗಿರಂಗಿಲ್ಲ" ಅಂತೀರೇನ? ಖರೇ ನಡದದ್ದ ಹೇಳ್ತೇನಿ. ದಿಲ್ಲಿಯೊಳಗ ಶಾಂತಿ ದೇವಿ ಅಂತ ಒಬ್ಬ ಹುಡುಗಿ, 1926ರಾಗ ಹುಟ್ಟಿದಾಕಿ. ಸಣ್ಣಾಕಿ ಇದ್ದಾಗನ "ನಮ್ಮೂರು ಮಥುರಾ, ಗಂಡ ಕೇದಾರನಾಥ ಚೌಬೆ" ಅನ್ನಾಕತ್ಲು. ವಿಚಾರಿಸಿದ್ರ ಅಂಥಾವ ಒಬ್ಬ ಇದ್ದ, ಅವನ ಹೆಂಡ್ತಿ ಲುಗ್ದಿ 1925ರಾಗ ಬಾಣಂತಿ ಇದ್ದಾಗ ಸತ್ತಿದ್ಲು. ದೇಶೆಲ್ಲಾ ಸುದ್ದಿ ಆತು, ಗಾಂಧೀಜಿ ಕಿವಿಗೂ ಬಿತ್ತು, 1935ರಾಗ ದೊಡ್ಡ ಮಂದೀದೊಂದು ಸಮಿತಿ ಹುಡುಗಿನ್ನ ಮಥುರಾಕ್ಕ ಕರಕೊಂಡ ಹೋತು. ಆಕಿ ಹೇಳಿದ್ದು ಖರೇನೋ ಅಲ್ಲೋ, ಅದರ ಮ್ಯಾಲೆ ಇವತ್ತಿಗೂ ಜಗಳ ಐತಿ. ನಾ ಆ ಜಗಳಕ್ಕ ಹೋಗಂಗಿಲ್ಲ.

ಜಗಳ ಇರಲಾರದ್ದನ್ನಷ್ಟ ನೋಡ್ರಿ. ಕೇದಾರನಾಥ ದಿಲ್ಲಿಗೆ ಆ ಹುಡುಗಿನ್ನ ನೋಡಾಕ ಬಂದಾಗ ಕೂಡ ಯಾರಿದ್ರು? ಲುಗ್ದಿ ಹಡದ ಮಗ, ಮತ್ತ ಹೊಸಾ ಹೆಂಡ್ತಿ. ಅಂವ ಯಾವಾಗೋ ಮತ್ತ ಲಗ್ನ ಆಗಿದ್ದ. ಶಾಂತಿ ದೇವಿ? ಜೀವಮಾನ ಪೂರ್ತಿ ಲಗ್ನ ಆಗಲಿಲ್ಲ, 1987ರಾಗ ಹಂಗ ತೀರಿಕೊಂಡ್ಲು.

ಇದನ್ನ ವೆಂಕೂ ಕಥಿ ಮಗ್ಗಲಕ್ಕ ಇಟ್ಟು ನೋಡ್ರಿ ಅಕ್ಕಾರ. ಗಂಡಾ ಸತ್ತು ಮತ್ತ ಹುಟ್ಟಿ ಬಂದ್ರ, ಹೆಂಡ್ತಿ ಇಪ್ಪತ್ತು ವರ್ಷ ಕಾದಿರ್ತಾಳ. ಹೆಂಡ್ತಿ ಸತ್ತು ಮತ್ತ ಹುಟ್ಟಿ ಬಂದೆ ಅಂದ್ರ, ಗಂಡನ ಮನ್ಯಾಗ ಬ್ಯಾರೆಯಾಕಿ ರೊಟ್ಟಿ ಬಡಿಯಾಕತ್ತಿರ್ತಾಳ. ಒಂದು ಬರದ ಕಥಿ, ಒಂದು ನಡದ ಕಥಿ, ಎರಡರಾಗೂ ಒಂಟಿ ಉಳದಾಕಿ ಹೆಣ್ಣ.

ದಿಲ್ಲಿ ಮಥುರಾ ಯಾಕ, ನಮ್ಮ ಓಣ್ಯಾಗ ನೋಡ್ರಿ. ಇಪ್ಪತ್ತಾರು ವರ್ಷದ ಹುಡುಗಿ ಗಂಡಾ ಸತ್ತು ತವರಿಗೆ ಬಂದ್ಲು, ಬಗಲಾಗ ಒಂದು ಕೂಸು. ಮಾತಾಡ್ಸಾಕ ಹೋದ ಹಿರಿಯಾರೆಲ್ಲಾ ಏನಂದ್ರು? "ಸಮಾಧಾನ ಮಾಡ್ಕೊ ತಂಗಿ, ಮುಂದಿನ ಜನ್ಮದಾಗ ಅಂವ ನಿನಗಾಗಿ ಕಾಯ್ತಿರ್ತಾನ." ಅದ ಓಣ್ಯಾಗ ಹೆಂಡ್ತಿ ತೀರಿಕೊಂಡ ಗಂಡಸಗ ಅದ ಹಿರಿಯಾರು ಏನಂದ್ರು? "ಕೂಸು ಸಣ್ಣದೈತಿ, ಮನಿ ನಡೀಬೇಕಲ್ಲಪ್ಪ, ಲಗೂನ ಒಂದು ಹೆಣ್ಣ ನೋಡು." ವರ್ಷ ತುಂಬೂದ್ರಾಗ ಅವನ ಅಕ್ಕಿಕಾಳು ಬಿತ್ತು. ಗಂಡಸಿಗೆ ಈ ಜನ್ಮದಾಗನ ಪರಿಹಾರ, ಹೆಂಗಸಿಗೆ ಮುಂದಿನ ಜನ್ಮದ ಚೀಟಿ.

ಇದು ಹಿಂದಿನಿಂದ ಬಂದ ಪದ್ಧತಿ ಅಂತ ಯಾರರ ಅಂದ್ರ ಒಪ್ಪಬ್ಯಾಡ್ರಿ. ನಮ್ಮ ಕಡೆ ಒಕ್ಕಲುತನದ ಮಂದಿಯೊಳಗ ಉಡಿಕಿ ಅನ್ನೋದು ಹಿಂದಿನಿಂದ ಇತ್ತು, ಗಂಡಾ ಸತ್ತಾಕೀಗೆ ಸೀರಿ ಉಡಿಸಿ ಮತ್ತೊಬ್ಬನ ಕೂಡ ಬಾಳೇವ ಹಚ್ಚತಿದ್ರು. ಉಡಿಕಿ ಆದಾಕೀಗೆ ಮದಲಿನ ಮಾನ ಕೊಡತಿದ್ದಿಲ್ಲ, ಅದೂ ಖರೇ. ಆದ್ರ ಆಕಿ ಹೊಟ್ಟಿ, ಆಕಿ ಕೂಸು, ಆಕಿ ವಯಸ್ಸು ಈ ಜನ್ಮದಾಗ ಅದಾವ ಅಂತ ಓದಲಾರದ ಮಂದೀಗೆ ತಿಳಿದಿತ್ತು. ಸರಕಾರದ ವಿಧವಾ ವಿವಾಹದ ಕಾಯ್ದೆ ಬಂದದ್ದು 1856ರಾಗ. ಇಷ್ಟೆಲ್ಲಾ ಇದ್ದೂ ನಾವು ಇಪ್ಪತ್ತಾರರ ಹುಡುಗೀಗೆ ಮುಂದಿನ ಜನ್ಮ ತೋರಸ್ತೇವಿ ಅಂದ್ರ, ಆ ಮಾತನ್ನ ನಮ್ಮ ಬಾಯಾಗ ಸಿಹಿ ಮಾಡಿ ಇಟ್ಟಿದ್ದರಾಗ ಈ ಕಾದಂಬರಿ ಸೀರಿಯಲ್ಲಿನ ಪಾಲೂ ಐತಿ.

ಇನ್ನ ಸಣ್ಣ ಹುಡುಗ್ಯಾರ ಸುದ್ದಿ. ನನಗ ಗೊತ್ತಿದ್ದೊಬ್ಬಾಕಿ, ಪಿಯುಸಿ ಓದಾಕಿ. ದಿನಾ ಬಸ್ಸಿನ್ಯಾಗ ಬರೋ ಹುಡುಗ ಒಬ್ಬಾಂವ ನಂಬರ ಹುಡುಕಿ ಮೆಸೇಜ್ ಹಾಕ್ಯಾನ, ನಮ್ಮದು ಈ ಜನ್ಮದ್ದಲ್ಲ, ಏಳು ಜನ್ಮದ ನಂಟು ಅಂತ. ಆಕಿ ಒಲ್ಲೆ ಅಂದ್ಲು. ನಿನಗ ಇನ್ನೂ ನೆನಪಾಗಿಲ್ಲ, ನೆನಪಾಗೂ ಮಟಾ ಬಿಡೂದಿಲ್ಲ ಅಂತ ಬರದ. ಅದನ್ನ ಆ ಹುಡುಗಿ ಗೆಳತ್ಯಾರಿಗೆ ತೋರಿಸಿದ್ರ, ಅವರು ಹೆದರಿಲ್ಲ. "ಎಷ್ಟ ರೊಮ್ಯಾಂಟಿಕ್" ಅಂದ್ರಂತ! ನನ್ನ ಎದಿ ಒಡದದ್ದು ಅಲ್ಲಿ. ಹುಡುಗನ ಮಾತಿಗಿಂತ ಗೆಳತ್ಯಾರ ಮಾತಿಗೆ. ಬೆದರಿಕಿ ಯಾವುದು ಪ್ರೀತಿ ಯಾವುದು ಅಂತ ಗುರುತು ಸಿಗಲಾರದಂಗ ಆಗೇತಿ ಅವರಿಗೆ.

ಇದು ಸಣ್ಣ ಮಾತು ಅನಬ್ಯಾಡ್ರಿ. 2024ರ ಏಪ್ರಿಲ್ ತಿಂಗಳದಾಗ ನಮ್ಮ ಹುಬ್ಬಳ್ಳಿಯೊಳಗ ಕಾಲೇಜಿನ ಅಂಗಳದಾಗ ಒಬ್ಬ ಹುಡುಗಿ ಕೊಲಿ ಆತು. ತಿಂಗಳ ತುಂಬೂದ್ರಾಗ, ಮೇದಾಗ, ಅದ ಊರಾಗ ಮತ್ತೊಬ್ಬಾಕಿನ್ನ ಮನಿ ಹೊಕ್ಕು ಕೊಂದ್ರು. ಎರಡೂ ಸಲಾ ಪೇಪರಿನ್ಯಾಗ ಬಂದದ್ದು ಒಂದ ಮಾತು, ಹುಡುಗಿ ಒಲ್ಲೆ ಅಂದಿದ್ಲು ಅಂತ. ಆ ಕೊಲಿಗೂ ಯಾವುದೋ ಕಾದಂಬರಿಗೂ ಗಂಟ ಹಾಕೂದಿಲ್ಲ ನಾನು, ಅದು ಅನ್ಯಾಯದ ಮಾತಾದೀತು. ಆದ್ರ ಇಂಥಾ ಊರ ಮಗ್ಗಲಕ್ಕ ಕುಂತು, "ಹುಡುಗಿ ಒಲ್ಲೆ ಅಂದ್ರೂ ಬಿಡಬಾರದು, ಆಕೀಗೆ ಆಮ್ಯಾಲೆ ನೆನಪಾಗತೈತಿ" ಅಂತ ನಲವತ್ತು ಕಂತು ಬರಿಯೋರಿಗೆ, ಅದಕ್ಕ ನಕ್ಷತ್ರ ಕೊಡೋರಿಗೆ, ಒಂದು ತಟಗರ ಅಂಜಿಕಿ ಬ್ಯಾಡೇನ?

ಈಗ ನೀವು ಅನ್ನೋ ಮಾತು ನನಗ ಕೇಳಸ್ತೈತಿ. "ಮಧ್ಯಾಹ್ನ ಬಾಂಡೆ ತೊಳದು ಒಂದು ತಾಸು ಮೈ ಚೆಲ್ಲಿದಾಗ ಓದೋ ಕಥಿ ಅದು, ಅದರಾಗೂ ನಿಂದೇನ ತಕರಾರ?" ಓದಬ್ಯಾಡ್ರಿ ಅನ್ನಾಕಿ ನಾನಲ್ಲ. ಕಥಿ ಇಲ್ಲಂದ್ರ ನಾವು ಎಂದೋ ಹುಚ್ಚ ಆಗತಿದ್ವಿ. ಜನ್ಮಾಂತರದ ಕಥಿಯೊಳಗೂ ಛಲೋ ಇದ್ದಾವ. 1958ರ 'ಮಧುಮತಿ' ನೋಡ್ರಿ, ದಿಲೀಪ ಕುಮಾರ, ವೈಜಯಂತಿಮಾಲಾ. ಅಲ್ಲಿ ಗಂಡಸೂ ಮರಗತಾನ, ಹುಚ್ಚನಂಗ ಅಡ್ಡಾಡತಾನ. ಆದ್ರ ಹುಡುಗಿ ಮ್ಯಾಲೆ ಜುಲುಮಿ ಮಾಡೋ ಜಮೀನ್ದಾರ ಆ ಸಿನಿಮಾದಾಗ ಖಳನಾಯಕ. ಇವತ್ತಿನ ಕಂತಿನ್ಯಾಗ ಆ ಜಮೀನ್ದಾರ ಮಾಡೂದನ್ನೆಲ್ಲಾ ಹೀರೋನ ಮಾಡ್ತಾನ, ಹಿಂದಿನ ಜನ್ಮದ ಚೀಟಿ ಒಂದು ಕಿಸೇದಾಗ ಇಟ್ಟುಕೊಂಡಿರ್ತಾನ ಅಷ್ಟ. ನನ್ನ ತಕರಾರ ಆ ಚೀಟೀದು.

ತ್ರಿವೇಣಿಯವರ ಪುಸ್ತಕಾನೂ ನಾವು ಬಾಂಡೆ ತೊಳದ ಮ್ಯಾಲೆನ ಓದಿದ್ವಿ. ಅವರು ಮನಶ್ಶಾಸ್ತ್ರ ಓದಿದ್ರು, ಹೆಣ್ಣುಮಗಳ ಮನಸ್ಸಿಗೆ ಯಾಕ ಜಡ್ಡ ಬರತೈತಿ ಅನ್ನೂದನ್ನ ಈ ಜನ್ಮದಾಗನ, ಅದ ಮನ್ಯಾಗನ ಹುಡುಕಿದ್ರು. ಗಂಡ, ಅತ್ತಿ, ಬಾಣಂತನ, ಊರ ಮಂದಿ ಮಾತು, ಅಲ್ಲೇ ಕಾರಣ ಇತ್ತು. 'ಶರಪಂಜರ' ಓದಿ ಎದ್ದಾಗ ಮನಸ್ಸು ಭಾರ ಆಗತಿತ್ತು, ಕಣ್ಣು ತೆರೀತಿತ್ತು. 1963ರಾಗ ತೀರಿಕೊಂಡಾಗ ಅವರಿಗೆ ಇನ್ನೂ ನಲವತ್ತೂ ಆಗಿದ್ದಿಲ್ಲ. ಅಷ್ಟ ಆಯುಷ್ಯದಾಗ ಅವರು ಈ ಜನ್ಮದ ಬಗ್ಗೆ ಬರದದ್ದು, ಏಳು ಜನ್ಮದ ಬಗ್ಗೆ ಬರಿಯೋರೆಲ್ಲಾ ಕೂಡಿದ್ರೂ ತೂಗಂಗಿಲ್ಲ.

ಇನ್ನೊಂದು ಮಾತು, "ನಾವ ಕೇಳ್ಕೊಂತೇವಲ್ಲ ಏಳು ಜನ್ಮ ಇವನ ಗಂಡ ಆಗಲಿ ಅಂತ" ಅಂತೀರಿ. ಹೌದು, ಕಾರಹುಣ್ಣಿವಿ ದಿನಾ ವಟಸಾವಿತ್ರಿ ಅಂತ ಆಲದ ಮರಕ್ಕ ನೂಲು ಸುತ್ತತೇವಿ. ಬಿಸಲಾಗ, ಉಪಾಸ ಇದ್ದು. ಸುತ್ತೋರು ಯಾರು? ನಾವು. ಅದ ಹುಣ್ಣಿವಿ ದಿನಾ ಗಂಡಸ್ರು ಏನ ಮಾಡ್ತಾರ? ಎತ್ತು ಸಿಂಗಾರ ಮಾಡಿ ಕರಿ ಹರೀತಾರ. ಮುಂದಿನ ಜನ್ಮಕ್ಕೂ ಇಕೀನ ಇರಲಿ ಅಂತ ಒಬ್ಬ ಗಂಡಸರೆ ಮರಾ ಸುತ್ತಿದ್ದು ನೋಡೀರೇನ? ಸಾವಿತ್ರಿ ಕಥಿಯೊಳಗೂ ಆಕಿ ಯಮಗ ಮುಂದಿನ ಜನ್ಮ ಕೇಳಲಿಲ್ಲ. ಈ ಜನ್ಮದಾಗನ, ಅವತ್ತ, ಅಲ್ಲೇ ಗಂಡನ ಜೀವಾ ಕೇಳಿ ಇಸಗೊಂಡ್ಲು. ವರದಾನದಾಗ ಮಾವನ ಕಣ್ಣು, ಮಾವನ ರಾಜ್ಯಾನೂ ಕೇಳಿದ್ಲು. ಅಷ್ಟು ಶಾಣ್ಯಾ ಹೆಣ್ಣುಮಗಳ ಹೆಸರಿಲೆ ನಾವು ಮುಂದಿನ ಏಳು ಜನ್ಮದ ಕಾಗದಕ್ಕ ಖಾಲಿ ಸಹಿ ಹಾಕಿ ಕೊಡ್ತೇವಿ.

ಮತ್ತ ಒಲ್ಲೆ ಅನ್ನೂದು ನಮ್ಮ ಹೆಣ್ಣುಮಕ್ಕಳಿಗೆ ಹೊಸಾದೇನಲ್ಲ. ಅಕ್ಕಮಹಾದೇವಿ ಕೌಶಿಕ ರಾಜಗ ಒಲ್ಲೆ ಅಂದು ಅರಮನಿ ಬಿಟ್ಟು ಹೊಂಟ್ಲು. ಯಾರು ಬೇಕು ಅನ್ನೂದನ್ನ ಆಕೀನ ಆರಿಸಿಕೊಂಡ್ಲು. "ನಿನಗ ಇನ್ನೂ ನೆನಪಾಗಿಲ್ಲ" ಅಂತ ಆಕೀಗೆ ಹೇಳೋ ಧೈರ್ಯ ಯಾರಿಗಿತ್ತು?

ಹಿಂಗಾಗಿ ನಾ ಕೇಳೂದು ಇಷ್ಟ. ಬರಿಯೋ ತಂಗ್ಯಾರ, ಈ ಕಂತಿನ ಕಾದಂಬರಿ ಬರಿಯೋರು ನಮ್ಮಂಥಾ ಹೆಣ್ಣುಮಕ್ಕಳ ಭಾಳ ಅದಾರ, ಗೊತ್ತೈತಿ. ಹಿಂದಿನ ಜನ್ಮ ಬರೀರಿ, ಗೆಜ್ಜಿ ಬರೀರಿ, ಕ್ವಾಟಿ ಬರೀರಿ. ಖರೇ, ನೆನಪಾದ ಮ್ಯಾಲೂ ಹುಡುಗಿ "ಹೌದು, ಆವಾಗ ನಿನ್ನಾಕಿ ಇದ್ದೆ, ಈಗ ಅಲ್ಲ" ಅನ್ನೂವಂಗ ಒಂದು ಕಥಿ ಬರದು ನೋಡ್ರಿ. ಶ್ರೀಮತಿಯಂಗ ಆಕೀನ ಚಿತ್ರಾ ತಗದು ಪರೀಕ್ಷಾ ಇಡೂವಂಗ ಬರೀರಿ. ಕಾದು ಕೂತಾಕಿ ಗಂಡಸನ್ನ ಮಾಡಿ ಬರೀರಿ, ಇಪ್ಪತ್ತು ವರ್ಷ ಅಂವ ಮಂದಿ ಮನಿ ಒಲಿ ಮುಂದ ಕೂಡಲಿ.

ಓದೋ ಅಕ್ಕಾರ, ನೀವು ಮುಂದಿನ ಕಂತು ತಗಿಯೂ ಮುಂದ ಎರಡು ಪ್ರಶ್ನೆ ಕೇಳ್ಕೋರಿ. ಇದರಾಗ ಕಾಯಾಕತ್ತಾಕಿ ಯಾರು? ಇದರಾಗಿಂದ ಹಿಂದಿನ ಜನ್ಮ ತಗದ್ರ ಈ ಹುಡುಗ ಮಾಡೂದು ಪ್ರೀತಿ ಆಗಿ ಉಳೀತೈತೋ, ಪೊಲೀಸ್ ಠಾಣೆಕ್ಕ ಹೋಗೋ ಕೇಸ್ ಆಗತೈತೋ? ಎರಡನೇದು ಆಗತೈತಿ ಅನಿಸಿದ್ರ ಆ ಕಥಿಗೆ ನಕ್ಷತ್ರ ಕೊಡಬ್ಯಾಡ್ರಿ.

ಮತ್ತ ಮನ್ಯಾಗ ಹುಡುಗ್ಯಾರಿದ್ರ ಅವರ ಕೂಡ ಕೂತು ಆ ಕಥಿ ಓದ್ರಿ, ಕಸಗೋಬ್ಯಾಡ್ರಿ. ಕಸಗೊಂಡ್ರ ಕದ್ದು ಓದ್ತಾರ. ಕೂತು ಓದಿ, ಅಂವ ಕೈ ಜಗ್ಗಿದ ಜಾಗಾ ಬಂದಾಗ, "ಇಲ್ಲಿ ನೀ ಇದ್ದಿದ್ರ ಏನ ಮಾಡ್ತಿದ್ದಿ?" ಅಂತ ಕೇಳ್ರಿ. ಗಂಡಹುಡುಗ್ರಿದ್ರ ಅವರನ್ನೂ ಕೂಡಿಸಿ ಕೇಳ್ರಿ, ಅವರಿಗಂತೂ ಮದಲ ಕೇಳ್ರಿ. ಒಲ್ಲೆ ಅಂದ್ರ ಒಲ್ಲೆ, ಅದಕ್ಕ ಯಾವ ಜನ್ಮದಿಂದ ಸಾಕ್ಷಿ ತಂದ್ರೂ ನಡ್ಯಂಗಿಲ್ಲ ಅಂತ ಅವರಿಗೆ ಅವ್ವನ ಬಾಯಿಂದನ ತಿಳೀಲಿ.